ಬಿಳಿ ಡಬ್ಬಿ, ಬಣ್ಣದ ಡಬ್ಬಿ

ಲಾಂಡ್ರಿಯ ಎದುರು ಸಾಲಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವನು ನಾನು. ಮನುಷ್ಯರನ್ನೂ ಬಟ್ಟೆಯ ಥಾನಿನಂತೆ ಬಿಚ್ಚಿ ಬೆಳಕಿಗೆ ಹಿಡಿದು ನೋಡುವ ಚಾಳಿ ಬಂದುಬಿಟ್ಟಿದೆ. ಆ ಲೆಕ್ಕದಲ್ಲಿ ಲಾಂಡ್ರಿ ಅಕ್ಕ ಮೊದಲ ನೋಟಕ್ಕೆ ಗಿರಾಕಿಯನ್ನು ಸೆಳೆಯುವ ಮಾಲಲ್ಲ. ಉದ್ದ ಕಡಿಮೆ, ಅಗಲ ಧಾರಾಳ. ಹೊಳಪಿಲ್ಲ, ಅಂಚಿಲ್ಲ, ಕಸೂತಿಯಿಲ್ಲ. ಮುಟ್ಟಿದರೆ ಒರಟು, ಮಾತನಾಡಿಸಿದರೆ ಇನ್ನೂ ಒರಟು. ಆದರೆ ನೇಯ್ಗೆ ಗಟ್ಟಿ. ಎಷ್ಟು ಹಿಂಡಿದರೂ ಕುಗ್ಗುವ ಜಾತಿಯಲ್ಲ. ಇಂಥದ್ದನ್ನು ನಾವು ವ್ಯಾಪಾರಿಗಳು ಕಪಾಟಿನ ಕೆಳಸಾಲಿನಲ್ಲಿ ಇಟ್ಟಿರುತ್ತೇವೆ. ಬಲ್ಲ ಗಿರಾಕಿ ಬಂದರೆ, ಮೇಲಿನ ಮೂರು ಸಾಲು ಬಿಟ್ಟು ಬಗ್ಗಿ ಅದನ್ನೇ ಕೇಳುತ್ತಾನೆ.

ಬಲ್ಲವರು ಊರಿನ ಆ ತುದಿಯಿಂದಲೂ ಅಕ್ಕನನ್ನು ಹುಡುಕಿಕೊಂಡು ಬರುತ್ತಿದ್ದರು. ಒಗೆಯುವುದಕ್ಕಲ್ಲ. ಒಗೆಯುವುದನ್ನು ಯಂತ್ರವೂ ಮಾಡುತ್ತದೆ, ಇಸ್ತ್ರಿಯನ್ನು ಅಕ್ಕನ ಗಂಡ ಮಾಡುತ್ತಿದ್ದ, ಗಲ್ಲಾಪೆಟ್ಟಿಗೆಯ ಮುಂದೆ ಸೊಸೆ ಕೂರುತ್ತಿದ್ದಳು. ಅಕ್ಕನ ಜಾಗ ಹಿಂದಿನ ಕೋಣೆ. ಅಲ್ಲಿ ಸಿಮೆಂಟಿನ ಮೂರು ತೊಟ್ಟಿ, ಕಿಟಕಿಯ ಕೆಳಗೆ ಕಲ್ಲಿನ ಹಾಸಿನ ಒಂದು ಮೇಜು. ಅಂಗಡಿಯ ಬಾಗಿಲ ಮೇಲೆ ‘ಕಲೆ ತೆಗೆಯಲಾಗುವುದು’ ಎಂಬ ಬೋರ್ಡು ಇತ್ತಲ್ಲ, ಅದು ಆ ಮೇಜಿನ ದೆಸೆಯಿಂದ. ಅಕ್ಕ ಬಟ್ಟೆಯನ್ನು ಮಗುಚುವಳು, ಕಿಟಕಿಗೆ ಹಿಡಿಯುವಳು, ಒಮ್ಮೆ ಮೂಸುವಳು. ಆಮೇಲೆ ಕಲೆ ಯಾವುದರದು, ಎಷ್ಟು ಹಳೆಯದು, ಮನೆಯಲ್ಲಿ ಯಾರು ಅದನ್ನು ಉಜ್ಜಿ ಕೆಡಿಸಿದ್ದಾರೆ ಎಂಬುದನ್ನೆಲ್ಲ ಹೇಳುವಳು. ಒಬ್ಬ ದೊಡ್ಡ ಮನುಷ್ಯ ಅಂಗಿ ತಂದು, ಚಹಾ ಚೆಲ್ಲಿತು ಎಂದ. ಅಕ್ಕ ಮೂಸಿ ನೋಡಿ, ಅಂಗಡಿ ತುಂಬ ಜನ ಇದ್ದಾಗಲೇ ಹೇಳಿದಳು:

“ಮನೇಲಿ ಚಹಾ ಅಂತಲೇ ಹೇಳಿ, ನನಗೇನು. ನನ್ನ ಹತ್ರ ಮಾತ್ರ ನಿಜ ಹೇಳಿ. ಚಹಾಕ್ಕೆ ಹಾಕೋದನ್ನ ಇದಕ್ಕೆ ಹಾಕಿದ್ರೆ ಅಂಗಿ ಹೋಗುತ್ತೆ.”

ಎಣ್ಣೆ, ಬೆಣ್ಣೆ, ಕೊಬ್ಬು ಮೆತ್ತಿದ ಬಟ್ಟೆಗೆ ಅವಳ ಬಳಿ ಒಂದು ಸಾಬೂನು ಇತ್ತು. ಕಂದು ಹಸಿರು ಬಣ್ಣದ ಗಟ್ಟಿ. ಕಸಾಯಿಖಾನೆಯಿಂದ ಬಂದ ಪಿತ್ತವನ್ನು ಬೆರೆಸಿ ಮಾಡಿದ್ದು. ವಾಸನೆಗೆ ಸೊಸೆ ಮೂಗು ಮುರಿಯುತ್ತಿದ್ದಳು. ಅಕ್ಕ ಕಲೆಯನ್ನು ತಣ್ಣೀರಿನಲ್ಲಿ ನೆನೆಸಿ, ಆ ಸಾಬೂನು ಸವರಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತ ಕೂರುವಳು. ಜಿಡ್ಡು ಒಡೆದು ಪುಡಿಪುಡಿಯಾಗಿ ನೀರಿನ ಜೊತೆ ಹೊರಟುಹೋಗುತ್ತಿತ್ತು.

ಇನ್ನೊಂದು ಗುಣವನ್ನೂ ಹೇಳಲೇಬೇಕು. ಸಾಬೂನು ನೀರನ್ನು ಚೆಲ್ಲುವವರನ್ನು ಕಂಡರೆ ಅಕ್ಕನಿಗೆ ಆಗುತ್ತಿರಲಿಲ್ಲ. ಮೊದಲ ತೊಟ್ಟಿಯಲ್ಲಿ ಬಿಳಿ ಬಟ್ಟೆ ತೆಗೆದ ನೀರು ಎರಡನೆಯದರಲ್ಲಿ ಬಣ್ಣದ ಬಟ್ಟೆಗೆ, ಅಲ್ಲಿಂದ ಮೂರನೆಯದರಲ್ಲಿ ಒರೆಸುವ ಬಟ್ಟೆಗೆ, ಅದಾದ ಮೇಲೆ ನೆಲಕ್ಕೆ. ಚರಂಡಿಯ ಪಾಲಿಗೆ ಬರುವಾಗ ಆ ನೀರಿನಲ್ಲಿ ಜೀವವೇ ಉಳಿದಿರುತ್ತಿರಲಿಲ್ಲ. ಮತ್ತು ಈ ಕ್ರಮ ಎಂದೂ ತಲೆಕೆಳಗಾಗಕೂಡದು. ಬಿಳಿಯದು ಬಿಳಿಯದರ ಜೊತೆ, ಬಣ್ಣದ್ದು ಬಣ್ಣದ್ದರ ಜೊತೆ. ಬೇರೆ ವಿಷಯಗಳಲ್ಲಿ ಅಕ್ಕನ ಜೊತೆ ವಾದ ಮಾಡಬಹುದಿತ್ತು. ಇದರಲ್ಲಿ ಮಾತ್ರ ಯಾರೂ ಬಾಯಿ ಬಿಡುವ ಹಾಗಿರಲಿಲ್ಲ.

ಇಂಥವಳ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆಯೂ ಹೆಚ್ಚು, ಕೊಬ್ಬೂ ಹೆಚ್ಚು ಎಂದು ಬಂತು. ಥೈರಾಯ್ಡಿಗೆ ಅವಳು ಬಹಳ ವರ್ಷಗಳಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸಣ್ಣದೊಂದು ಬಿಳಿ ಮಾತ್ರೆ ನುಂಗುತ್ತಿದ್ದಳು. ಈಗ ಸಕ್ಕರೆಗೆ ಒಂದು ಹಳದಿ ಮಾತ್ರೆ, ರಕ್ತದ ಒತ್ತಡಕ್ಕೆ ಒಂದು ಗುಲಾಬಿ ಮಾತ್ರೆ ಸೇರಿದವು. ಕೊಬ್ಬಿಗೆ ಕೊಟ್ಟ ಮಾತ್ರೆ ಮಾತ್ರ ಒಗ್ಗಲಿಲ್ಲ. ಮೈಕೈಯೆಲ್ಲ ಹಿಂಡಿ ಹಾಕಿದಂತೆ ನೋವು. ಆಗ ಡಾಕ್ಟರಮ್ಮ ಅದನ್ನು ನಿಲ್ಲಿಸಿ, ನೀರಿನಲ್ಲಿ ಕಲಸಿ ಕುಡಿಯುವ ಬಿಳಿ ಪುಡಿಯೊಂದನ್ನು ಬರೆದುಕೊಟ್ಟರು. ಏನು ಮಾಡುತ್ತದೆ ಎಂದು ಗೊತ್ತಾಗದೆ ಅಕ್ಕ ಏನನ್ನೂ ಗಂಟಲಿಗಿಳಿಸುವವಳಲ್ಲ. ಹಾಗಾಗಿ ಡಾಕ್ಟರಮ್ಮ, ಹೊರಗೆ ರೋಗಿಗಳ ಸಾಲು ಕಾಯುತ್ತಿದ್ದರೂ, ಕೂರಿಸಿ ವಿವರಿಸಬೇಕಾಯಿತು.

ಮನೆಗೆ ಬಂದವಳು ಇಸ್ತ್ರಿ ಮೇಜಿನ ಪಕ್ಕ ನಿಂತು ಗಂಡನಿಗೆ ಎಲ್ಲವನ್ನೂ ಒಪ್ಪಿಸಿದಳು.

“ಒಳಗೆ ನಮ್ಮದೇ ಅಂಗಡಿ ಇದೆ ಕಣ್ರೀ. ಲಿವರ್ ಕೂತ್ಕೊಂಡು ಕೊಬ್ಬಿನಿಂದಲೇ ಸಾಬೂನು ಮಾಡುತ್ತಂತೆ.”

ಡಾಕ್ಟರಮ್ಮ ಹೇಳಿದ್ದು ಇಷ್ಟು. ಪಿತ್ತಜನಕಾಂಗ ಕೊಲೆಸ್ಟರಾಲನ್ನು ತೆಗೆದುಕೊಂಡು ಪಿತ್ತದ ಆಮ್ಲಗಳನ್ನು ಮಾಡುತ್ತದೆ. ಉಂಡ ಕೂಡಲೇ ಅವು ಕರುಳಿಗೆ ಇಳಿದು, ಜಿಡ್ಡನ್ನು ಒಡೆದು, ಮೈಗೆ ಹತ್ತುವಂತೆ ಮಾಡುತ್ತವೆ. ಕೆಲಸ ಮುಗಿದ ಮೇಲೆ ಅವು ಹೊರಗೆ ಹೋಗುವುದಿಲ್ಲ. ಸಣ್ಣ ಕರುಳಿನ ಕೊನೆಯಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಮೈ ವಾಪಸು ಹೀರಿಕೊಂಡು ಪಿತ್ತಜನಕಾಂಗಕ್ಕೆ ಕಳಿಸುತ್ತದೆ. ಅದೇ ಸಾಬೂನು ದಿನಕ್ಕೆ ಹಲವು ಸಲ ಸುತ್ತು ಹೊಡೆಯುತ್ತದೆ. ಇಲ್ಲಿಯವರೆಗೆ ಅಕ್ಕನಿಗೆ ಮೈಯ ಮೇಲೆ ಗೌರವವೇ ಬಂದಿತ್ತು. ಸಾಬೂನಿನ ಕೆಲಸದ ಜೊತೆಗೆ ಆ ಆಮ್ಲಗಳು ಟಪಾಲಿನ ಕೆಲಸವನ್ನೂ ಮಾಡುತ್ತವಂತೆ: ಕರುಳಿನ ಗೋಡೆಗೆ ತಟ್ಟಿ ‘ಊಟ ಬಂತು’ ಎನ್ನುತ್ತವೆ, ಕರುಳು ಆ ಸುದ್ದಿಯನ್ನು ಮುಂದಕ್ಕೆ ಮುಟ್ಟಿಸಿ ಇನ್ಸುಲಿನ್ ಬಿಡಿಸುತ್ತದೆ, ಸಕ್ಕರೆ ಹದಕ್ಕೆ ಬರುತ್ತದೆ.

ಅಕ್ಕನಿಗೆ ಸಿಟ್ಟು ಬಂದದ್ದು ಪುಡಿಯ ಕೆಲಸ ಕೇಳಿ. ಆ ಪುಡಿ ಮೈಗೆ ಹತ್ತುವುದೇ ಇಲ್ಲ. ಕರುಳಿನಲ್ಲೇ ಪಿತ್ತದ ಆಮ್ಲಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, ವಾಪಸು ಹೋಗಗೊಡದೆ, ತನ್ನ ಜೊತೆ ಹೊರಗೆ ಎಳೆದೊಯ್ಯುತ್ತದೆ.

“ಅಂದ್ರೆ ದುಡ್ಡು ಕೊಟ್ಟು ಒಳ್ಳೇ ಸಾಬೂನು ನೀರನ್ನ ಚರಂಡಿಗೆ ಸುರಿಯೋದಾ?”

“ನಿನ್ನ ಹೊಟ್ಟೇಲೂ ಮೂರು ತೊಟ್ಟಿ ಕಟ್ಟಿಸ್ಬೇಕಿತ್ತು,” ಎಂದ ಗಂಡ, ಕಾಲರಿನ ಮೇಲೆ ಇಸ್ತ್ರಿ ಒತ್ತುತ್ತ.

ಅಕ್ಕನಿಗೆ ಹಿಡಿಸದಿದ್ದರೂ ಆ ಉಪಾಯದಲ್ಲಿ ವ್ಯಾಪಾರವಿತ್ತು. ವಾಪಸು ಬರುವ ಮಾಲು ನಿಂತರೆ ಗೋದಾಮಿನ ಹಳೆಯ ಸರಕು ಕರಗಲೇಬೇಕು. ಪಿತ್ತಜನಕಾಂಗ ಹೊಸ ಸಾಬೂನು ಮಾಡಲು ರಕ್ತದಲ್ಲಿ ಅಲೆಯುತ್ತಿರುವ ಕೊಲೆಸ್ಟರಾಲನ್ನು ಎಳೆದುಕೊಳ್ಳುತ್ತದೆ, ರಕ್ತದಲ್ಲಿ ಅದು ಇಳಿಯುತ್ತದೆ. ಸಕ್ಕರೆಯೂ ಇಳಿಯುತ್ತದೆ. ಸಕ್ಕರೆ ಯಾವ ದಾರಿಯಲ್ಲಿ ಇಳಿಯುತ್ತದೆ ಎಂದು ಅಕ್ಕ ಕೇಳಿದಾಗ ಡಾಕ್ಟರಮ್ಮ ನಕ್ಕು, ಅದನ್ನು ಓದಿದವರೇ ಇನ್ನೂ ಜಗಳವಾಡುತ್ತಿದ್ದಾರೆ ಎಂದಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಆ ಒಂದು ಮಾತಿಗೆ ಅಕ್ಕ ಪುಡಿಯನ್ನು ಒಪ್ಪಿಕೊಂಡಳು.

ಎಡವಟ್ಟಾದದ್ದು ಆಮೇಲೆ, ಅಡುಗೆಮನೆಯ ಕಪಾಟಿನ ಮುಂದೆ.

ಪುಡಿಯನ್ನು ರಾತ್ರಿ ಊಟದ ಜೊತೆ ತೆಗೆದುಕೊಳ್ಳಿ, ಉಳಿದ ಮಾತ್ರೆಗಳಿಂದ ದೂರ ಇಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಔಷಧಿ ಅಂಗಡಿಯವನು ಅದನ್ನೇ ಚೀಟಿಯಲ್ಲಿ ಬರೆದು ಪೊಟ್ಟಣಕ್ಕೆ ಅಂಟಿಸಿಯೂ ಇದ್ದ. ಸಾಬೂನಿನ ಕಥೆಯಲ್ಲಿ ಮುಳುಗಿದ್ದ ಅಕ್ಕನಿಗೆ ಮಾತು ಮರೆತುಹೋಗಿತ್ತು. ಚೀಟಿಯನ್ನು ಓದುವವರ ಪೈಕಿ ಅವಳಲ್ಲ. ಕಾಲರಿನ ಒಳಗೆ ಹೊಲಿದಿರುವ ಚೀಟಿ ‘ಅಪ್ಪಟ ಹತ್ತಿ’ ಎಂದು ಎಷ್ಟು ಸುಳ್ಳು ಹೇಳುತ್ತದೆ ಎಂಬುದನ್ನು ಅವಳು ಜೀವಮಾನವೆಲ್ಲ ನೋಡಿದ್ದಾಳೆ. (ಆ ಸುಳ್ಳಿನ ಬಗ್ಗೆ ನಾನು ಹೆಚ್ಚು ಮಾತಾಡುವುದಿಲ್ಲ.) ಅಡುಗೆ ಕಟ್ಟೆಯ ಮೇಲೆ ಔಷಧಗಳನ್ನೆಲ್ಲ ಸುರಿದುಕೊಂಡಾಗ ಅವಳ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಬಿಳಿಯ ಮಾತ್ರೆ, ಬಿಳಿಯ ಪುಡಿ ಒಂದು ಡಬ್ಬಿಗೆ. ಹಳದಿ, ಗುಲಾಬಿ ಇನ್ನೊಂದಕ್ಕೆ. ಬಿಳಿ ಡಬ್ಬಿ ಬೆಳಿಗ್ಗೆಗೆ, ಬಣ್ಣದ ಡಬ್ಬಿ ರಾತ್ರಿಗೆ. ಬಿಳಿಯದನ್ನು ಮೊದಲು ಮುಗಿಸಿಯೇ ಬಣ್ಣಕ್ಕೆ ಕೈ ಹಾಕಬೇಕು ಎಂಬುದು ಅವಳ ಮಟ್ಟಿಗೆ ಹೇಳಿಕೊಡುವ ಮಾತೇ ಅಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಪುಡಿ ಕಲಸಿದ ನೀರಿನಲ್ಲೇ ಥೈರಾಯ್ಡ್ ಮಾತ್ರೆಯನ್ನು ನುಂಗತೊಡಗಿದಳು.

ಸಕ್ಕರೆ ಇಳಿಯಿತು, ಕೊಬ್ಬೂ ಇಳಿಯಿತು. ಮನೆಯವರೆಲ್ಲ ನಿರಾಳವಾಗಿ ಉಸಿರು ಬಿಟ್ಟರು. ಅಕ್ಕನೂ ಇಳಿಯುತ್ತಿದ್ದಾಳೆ ಎಂಬುದು ಕಾಣಲು ಸಮಯ ಹಿಡಿಯಿತು.

ಮೊದಲು ಚಳಿ. ಬಿಸಿನೀರಿನ ಹಬೆಯಲ್ಲಿ ನಿಂತವಳು ಸ್ವೆಟರ್ ಕೇಳಿದಳು. ಆಮೇಲೆ ಕೈ ಊದಿಕೊಂಡು ಹೆಬ್ಬೆರಳು ಸೂಕ್ಷ್ಮತೆ ಕಳೆದುಕೊಂಡಿತು. ದನಿ ದಪ್ಪವಾಯಿತು, ಹಿಂದಿನ ಕೋಣೆಯಿಂದ ಬರುತ್ತಿದ್ದ ಬೈಗುಳ ನಿಧಾನವಾಗಿ, ಒಂದೊಂದೇ ಪದವಾಗಿ ಬರತೊಡಗಿತು. ಅರ್ಧಕ್ಕೆ ನಿಂತೂ ಹೋಗುತ್ತಿತ್ತು. ಮಧ್ಯಾಹ್ನ ಮೇಜಿನ ಮುಂದೆ ತೂಕಡಿಸುವಳು. ಕೇಳಿದರೆ ವಯಸ್ಸಾಯಿತಲ್ಲ ಎನ್ನುವಳು. ಗಂಡನೂ ಹಾಗೆಯೇ ಅಂದುಕೊಂಡ. ಸೊಸೆ ಒಂದೆರಡು ಸಲ ಡಾಕ್ಟರ ಹತ್ತಿರ ಹೋಗೋಣ ಎಂದಳು. ಸಕ್ಕರೆ ಸರಿಯಿದೆಯಲ್ಲ, ಸುಮ್ಮನೆ ಯಾಕೆ ಎಂದು ಅಕ್ಕನೇ ತಳ್ಳಿಹಾಕಿದಳು.

ಹೀಗಿರುವಾಗ ಶಾಲೆಯ ಮೇಷ್ಟ್ರೊಬ್ಬರು ತಮ್ಮ ಬಿಳಿ ಅಂಗಿ ತಂದುಕೊಟ್ಟರು. ಮೂಗಿನಿಂದ ರಕ್ತ ಸುರಿದು ಎದೆಯ ಮೇಲೆಲ್ಲ ಕಲೆ. ರಕ್ತಕ್ಕೆ ತಣ್ಣೀರೇ ಆಗಬೇಕು, ಬಿಸಿನೀರು ತಾಕಿದರೆ ಅದು ಬೆಂದು ನೂಲಿಗೇ ಕಚ್ಚಿಕೊಳ್ಳುತ್ತದೆ. ಇದನ್ನು ಅಕ್ಕ ಬೀದಿಯಲ್ಲಿ ಹೋಗುವವರಿಗೂ ಕರೆದು ಹೇಳುತ್ತಿದ್ದಳು. ಅಂಥವಳು ಅಂಗಿಯನ್ನು ಎತ್ತಿ ಕುದಿನೀರಿನ ತೊಟ್ಟಿಗೆ ಹಾಕಿದಳು, ಹಾಕಿ ಅದನ್ನೇ ನೋಡುತ್ತ ನಿಂತಳು. ತೆಗೆಯಬೇಕು ಎಂದು ಹೊಳೆಯುವಷ್ಟರಲ್ಲಿ ಕಲೆ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಮೇಷ್ಟ್ರು ಬಂದು ನೋಡಿದರು. ಬೈದಿದ್ದರೆ ಅಕ್ಕನಿಗೆ ಸಮಾಧಾನವಾಗುತ್ತಿತ್ತೇನೋ. ಅವರು, ಇರಲಿ ಬಿಡಿ, ಮೇಲೆ ಕೋಟು ಹಾಕಿಕೊಳ್ಳುತ್ತೇನೆ ಎಂದು ಮಡಚಿಕೊಂಡು ಹೋದರು.

ಅಂದು ಸಂಜೆ ಬಾಗಿಲು ಅರ್ಧ ಎಳೆದುಕೊಂಡು ಮೂವರೂ ಕೂತರು. ಮಾತು ತೆಗೆದವಳು ಸೊಸೆ. ಅವಳಿಗೆ ಅತ್ತೆಯನ್ನು ನೋಯಿಸುವ ಇರಾದೆ ಎಳ್ಳಷ್ಟೂ ಇರಲಿಲ್ಲ.

“ಅತ್ತೆ, ಬೇಜಾರು ಮಾಡ್ಕೋಬೇಡಿ. ಕಲೆ ಕೆಲಸನ ಸ್ವಲ್ಪ ದಿನ ಹೊರಗೆ ಮಾಡ್ಸೋಣ.”

“ಸ್ವಲ್ಪ ದಿನ ಯಾಕೆ?” ಎಂದಳು ಅಕ್ಕ. “ತಿಂಗಳು ಮುಗೀಲಿ, ಬೋರ್ಡು ಇಳಿಸಿಬಿಡಿ. ನನ್ನ ಕೈನ ನಾನೇ ನಂಬೋ ಹಾಗಿಲ್ಲ ಈಗ.”

ಎಲ್ಲದಕ್ಕೂ ಒಂದು ಕುಚೋದ್ಯ ಇಟ್ಟುಕೊಂಡಿರುತ್ತಿದ್ದ ಗಂಡ, ಆಗಲೇ ಮಡಚಿಟ್ಟಿದ್ದ ಅಂಗಿಯೊಂದನ್ನು ಬಿಚ್ಚಿ ಮತ್ತೆ ಮಡಚತೊಡಗಿದ. ಬೋರ್ಡು ಇಳಿದರೆ ಅಂಗಡಿಗೇನೂ ಆಗುತ್ತಿರಲಿಲ್ಲ. ಒಗೆತ, ಇಸ್ತ್ರಿ ನಡೆಯುತ್ತಿದ್ದವು. ಅಕ್ಕ ಮಾತ್ರ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಬಂದವರಿಗೆ ‘ಒಳಗೆ ಕೇಳಿ’ ಎನ್ನುವ ಮುದುಕಿಯಾಗುತ್ತಿದ್ದಳು. ಅದು ಮೂವರಿಗೂ ಗೊತ್ತಿತ್ತು. ರಾತ್ರಿಯ ಊಟವಾದ ಮೇಲೆ ಅವಳು ಎಂದಿನಂತೆ ಬಣ್ಣದ ಡಬ್ಬಿ ತೆರೆದು ಹಳದಿ, ಗುಲಾಬಿ ನುಂಗಿ ಮಲಗಿದಳು.

ತಿಂಗಳು ಮುಗಿಯುವ ಮೊದಲೇ ಡಾಕ್ಟರಿಗೆ ತೋರಿಸುವ ದಿನ ಬಂತು. ಸೊಸೆ ಜೊತೆಗೆ ಹೋದಳು. ಡಾಕ್ಟರಮ್ಮ ರಕ್ತದ ವರದಿ ನೋಡಿ ಸಕ್ಕರೆ ಚೆನ್ನಾಗಿದೆ ಎಂದರು. ಕೊಬ್ಬಿನ ಹತ್ತಿರ ಬಂದಾಗ ಹುಬ್ಬು ಗಂಟಿಕ್ಕಿದರು. ಮೊದಲು ಇಳಿದಿದ್ದು ಈಗ ಮತ್ತೆ ಮೇಲಕ್ಕೆ ಹೊರಟಿತ್ತು. ಪುಡಿ ತಪ್ಪಿಸಿದಿರಾ ಎಂದು ಕೇಳಿದರು. ಒಂದು ದಿನವೂ ತಪ್ಪಿಸಿಲ್ಲ ಎಂದು ಅಕ್ಕ ಹೇಳಿದಳು. ಆ ಉತ್ತರವನ್ನು ಹೇಳಲು ಅವಳು ತೆಗೆದುಕೊಂಡ ಹೊತ್ತು, ಆ ದಪ್ಪ ದನಿ, ಸೆಕೆಯಲ್ಲೂ ಹೊದ್ದುಕೊಂಡಿದ್ದ ಶಾಲು — ಡಾಕ್ಟರಮ್ಮ ಕಾಗದವನ್ನು ಪಕ್ಕಕ್ಕೆ ಸರಿಸಿ ಅವಳನ್ನೇ ನೋಡಿದರು. ಕಣ್ಣಿನ ರೆಪ್ಪೆ ನೋಡಿದರು, ಕೈ ಮುಟ್ಟಿ ನೋಡಿದರು.

“ಅಮ್ಮ, ಔಷಧ ಹೇಗೆ ತಗೋತೀರ ಅಂತ ತೋರಿಸಿ ನೋಡೋಣ.”

ಅಕ್ಕ ಚೀಲದಿಂದ ಎರಡು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ಒಂದಿಷ್ಟು ಹೆಮ್ಮೆ ಕಂಡಿತು. ಬಿಳಿಯದು ಬೆಳಿಗ್ಗೆ, ಬಣ್ಣದ್ದು ರಾತ್ರಿ. ಬೆರೆಸೋದೇ ಇಲ್ಲ ಎಂದಳು. ಡಾಕ್ಟರಮ್ಮ ಬಿಳಿ ಡಬ್ಬಿಯ ಮುಚ್ಚಳ ತೆಗೆದು, ಪುಡಿಯ ಪೊಟ್ಟಣವನ್ನೂ ಅದರ ಪಕ್ಕದ ಸಣ್ಣ ಮಾತ್ರೆಯನ್ನೂ ಎತ್ತಿ ನೋಡಿದರು.

“ಎರಡೂ ಒಟ್ಟಿಗಾ?”

“ಒಂದೇ ಲೋಟದಲ್ಲಿ.”

“ಈ ಪುಡಿಗೆ ಪಿತ್ತ ಯಾವುದು, ಮಾತ್ರೆ ಯಾವುದು ಅಂತ ಗೊತ್ತಾಗಲ್ಲಮ್ಮ. ಎದುರಿಗೆ ಸಿಕ್ಕಿದ್ದನ್ನ ಹಿಡ್ಕೊಂಡು ಹೋಗುತ್ತೆ. ಥೈರಾಯ್ಡ್ ಮಾತ್ರೆ ನೀವು ನುಂಗಿದ್ದು ಹೌದು. ಅದು ನಿಮಗೆ ಸಿಕ್ಕಿಲ್ಲ, ಅಷ್ಟೆ. ಇಷ್ಟು ದಿನ ನೇರ ಚರಂಡಿಗೆ ಹೋಗಿದೆ.”

ಥೈರಾಯ್ಡ್ ಸೊರಗಿದರೆ ಮೈಯ ಒಲೆಯ ಉರಿ ತಗ್ಗುತ್ತದೆ, ಚಳಿ ಹತ್ತುತ್ತದೆ, ತಲೆ ಮಂದವಾಗುತ್ತದೆ, ಇಳಿದ ಕೊಬ್ಬೂ ಮತ್ತೆ ಏರುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಖಚಿತ ಮಾಡಿಕೊಳ್ಳಲು ಇನ್ನೊಂದು ರಕ್ತ ಪರೀಕ್ಷೆ ಬರೆದರು. ವಯಸ್ಸಿನ ಮಾತು ಎತ್ತಲೇ ಇಲ್ಲ. ಪೊಟ್ಟಣದ ಮೇಲೆ ಬರೆದು ಅಂಟಿಸಿದ್ದರಲ್ಲ ಎಂದು ಮಾತ್ರ ಕೇಳಿದರು.

“ನಾನು ಚೀಟಿ ಓದೋದಿಲ್ಲ ಡಾಕ್ಟರಮ್ಮ. ಬಟ್ಟೆ ನೋಡ್ತೀನಿ.”

“ಇದು ಬಟ್ಟೆ ಅಲ್ಲವಲ್ಲ.”

ಅಕ್ಕ ಪೊಟ್ಟಣವನ್ನೂ ಸಣ್ಣ ಮಾತ್ರೆಯನ್ನೂ ಮೇಜಿನ ಮೇಲೆ ಬೇರೆ ಬೇರೆ ಇಟ್ಟಳು. ಆಮೇಲೆ ಹೇಳಿದಳು: “ಹಾಗಾದ್ರೆ ಬಿಳೀದರಲ್ಲೂ ಜೊತೆಗೆ ಹಾಕಬಾರದ್ದು ಇರುತ್ತೆ ಅನ್ನಿ.”

ಪರೀಕ್ಷೆಯ ಫಲ ಡಾಕ್ಟರಮ್ಮ ಹೇಳಿದಂತೆಯೇ ಬಂತು. ಸಣ್ಣ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಹೋಯಿತು. ಪುಡಿ ರಾತ್ರಿ ಊಟದ ಹೊತ್ತಿಗೆ. ಬಣ್ಣದವಕ್ಕೂ ಅವರು ಹೊತ್ತು ಗೊತ್ತುಮಾಡಿದರು. ಸೊಸೆ ಡಬ್ಬಿಗಳನ್ನು ಕಿತ್ತುಕೊಂಡು ಬೇರೆ ಬೇರೆ ಕಪಾಟಿನಲ್ಲಿಟ್ಟಳು. ಮರುದಿನವೇ ಎಲ್ಲ ಸರಿಹೋಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ವಾರಗಳು ಹಿಡಿಯುತ್ತವೆ ಎಂದೇ ಹೇಳಿದ್ದರು. ಅಷ್ಟರಲ್ಲಿ ತಿಂಗಳು ಮುಗಿಯಿತು. ಅಕ್ಕ, ಆಡಿದ ಮಾತಿಗೆ ಕಟ್ಟುಬಿದ್ದವಳು, ಏಣಿ ತರಲು ಗಂಡನಿಗೆ ಹೇಳಿದಳು. ಬೇಡ ಎಂದವಳು ಸೊಸೆಯೇ. ಏಣಿಯ ಬದಲು ಒಂದು ಸ್ಟೂಲು ತಂದು ಕಲ್ಲಿನ ಮೇಜಿನ ಪಕ್ಕ ಹಾಕಿದಳು. ನೀವು ಕೂತು ಹೇಳಿ, ಕೈ ನನ್ನದಿರಲಿ ಎಂದಳು.

ಹೀಗೆ ಮೂಗು ಮುರಿಯುತ್ತಿದ್ದ ಸೊಸೆಯ ಕೈಗೆ ಪಿತ್ತದ ಸಾಬೂನು ಬಂತು. ಕಲಿಸುವ ಕ್ರಮ ಮಾತ್ರ ಅಕ್ಕನದೇ. ಹಿಂದಿನ ಕೋಣೆಯಿಂದ ದನಿ ಮೊದಲು ಕ್ಷೀಣವಾಗಿ, ಆಮೇಲೆ ಸ್ಪಷ್ಟವಾಗಿ ಬೀದಿಗೇ ಕೇಳತೊಡಗಿತು:

“ಉಜ್ಜಬೇಡ, ಒತ್ತು. ಅದು ನಿನ್ನ ಗಂಡನ ಬೆನ್ನಲ್ಲ.”

“ಅವರ ಬೆನ್ನು ಉಜ್ಜಿದ್ರೆ ಇಷ್ಟು ಬೈಗುಳ ತಿನ್ನಬೇಕಿರಲಿಲ್ಲ, ಅತ್ತೆ.”

ಒಂದು ಬೆಳಿಗ್ಗೆ ಯಾರದೋ ಮೇಜುವಸ್ತ್ರದ ಮೇಲಿನ ಬೆಣ್ಣೆಯ ಕಲೆಯೊಂದಿಗೆ ಸೊಸೆ ಒದ್ದಾಡುತ್ತಿದ್ದಾಗ ಅಕ್ಕ ಸ್ವೆಟರ್ ಕಳಚಿ ಮೊಳೆಗೆ ತೂಗುಹಾಕಿದಳು. ಸೊಸೆಯನ್ನು ಮೊಣಕೈಯಿಂದ ಸರಿಸಿ ತಾನೇ ನಿಂತಳು. ಹೆಬ್ಬೆರಳು ಕಲೆಯ ಅಂಚು ಹುಡುಕಿತು, ಸಿಕ್ಕಿತು. ಗಂಡ ಇಸ್ತ್ರಿ ಎತ್ತಿ ಹಿಡಿದುಕೊಂಡೇ ಬಾಗಿಲಲ್ಲಿ ಬಂದು ನಿಂತು ನೋಡಿದ. ಏನು ನೋಡ್ತಾ ಇದ್ದೀರಿ, ಅಲ್ಲಿ ಪ್ಯಾಂಟು ಸುಡ್ತಾ ಇಲ್ಲ ತಾನೆ ಎಂದು ಅವಳು ತಿರುಗದೆಯೇ ಕೇಳಿದಳು. ಬೋರ್ಡು ಇದ್ದಲ್ಲೇ ಉಳಿಯಿತು. ಈಗ ಅದರ ಕೆಳಗೆ ಇಬ್ಬರ ಕೆಲಸ.

ಮೇಷ್ಟ್ರ ಅಂಗಿಯ ಕಲೆ ಹೋಗಲಿಲ್ಲ. ಬೆಂದ ರಕ್ತ ಹೋಗುವುದಿಲ್ಲ. ಅಕ್ಕ ಅವರನ್ನು ಕರೆಸಿ, ತಪ್ಪು ನನ್ನದು, ಹೊಸ ಅಂಗಿ ಹೊಲಿಸಿಕೊಡುತ್ತೇನೆ ಎಂದಳು. ಬಟ್ಟೆಗೆ ನನ್ನ ಅಂಗಡಿಗೇ ಬಂದಳು. ಥಾನಿನ ಮೇಲೆ ಥಾನು ಬಿಚ್ಚಿಸಿ, ಒಂದರಲ್ಲಿ ನೂಲು ಕಳಪೆ, ಇನ್ನೊಂದರಲ್ಲಿ ಗಂಜಿ ಹೆಚ್ಚು ಎಂದು ಹೀಗಳೆದು, ಕೊನೆಗೆ ಮೊದಲು ತೋರಿಸಿದ್ದನ್ನೇ ನನ್ನ ಲಾಭವೆಲ್ಲ ಹಿಂಡಿ ತೆಗೆದುಕೊಂಡಳು. ಅವಳು ಪೂರಾ ಹುಷಾರಾಗಿದ್ದಾಳೆಂದು ನನಗೆ ಖಾತ್ರಿಯಾದದ್ದು ಆಗಲೇ.

ಆ ಚೌಕಾಸಿಯ ನಡುವೆ ಒಂದು ಮಾತು ಕೇಳಿದಳು. “ನಿಮ್ಮಮ್ಮ ಯಾವ ಮಾತ್ರೆನ ಯಾವುದರ ಜೊತೆ ತಗೋತಾರೆ, ಗೊತ್ತಾ?”

ಗೊತ್ತಿರಲಿಲ್ಲ. ಅಮ್ಮನಿಗೆ ಬೆಳಿಗ್ಗೆ ಎದ್ದರೆ ತಲೆ ಸುತ್ತುತ್ತಿತ್ತು. ನಾವೂ ವಯಸ್ಸು ಎಂದೇ ಬಿಟ್ಟಿದ್ದೆವು. ಮರುದಿನ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಅಮ್ಮನನ್ನು ಅದೇ ಡಾಕ್ಟರಮ್ಮನ ಬಳಿ ಕರೆದೊಯ್ದೆ. ಅವರು ಒಟ್ಟಿಗೆ ಹೋಗುತ್ತಿದ್ದ ಎರಡು ಮಾತ್ರೆಗಳನ್ನು ಬೇರೆ ಬೇರೆ ಹೊತ್ತಿಗೆ ಮಾಡಿದರು. ಅಮ್ಮ ಈಗ ಗೋಡೆ ಹಿಡಿಯದೆ ಮನೆಯೆಲ್ಲ ಓಡಾಡುತ್ತಾಳೆ. ಅದಕ್ಕೆ ನಾನು ಲಾಂಡ್ರಿ ಅಕ್ಕನಿಗೆ ಋಣಿ.